ಏಣಿ ಹತ್ತುವ ಮೊದಲು ನೆಲ ನೋಡಿ

ಕಾರಿನ ತಲೆಯ ಮೇಲೆ ಕಟ್ಟುವ ಡೇರೆ, ಅಂದರೆ ರೂಫ್ ಟೆಂಟ್ ಕೊಳ್ಳಲು ಹೊರಟವರಿಗೆ ಸಲಹೆಗಾರರ ಬರವಿಲ್ಲ. ಗಟ್ಟಿ ಕವಚದ್ದು ಒಳ್ಳೆಯದೋ, ಮಡಚುವ ಬಟ್ಟೆಯದ್ದೋ? ಹಾಸಿಗೆ ಎಷ್ಟು ಇಂಚು ದಪ್ಪ? ಇಬ್ಬರಿಗೆ ಮಾತ್ರವೋ, ಮಗುವಿಗೂ ಜಾಗವಿದೆಯೋ? ಬಿಚ್ಚಲು ಎಷ್ಟು ನಿಮಿಷ ಬೇಕು? ಕಂತಿನಲ್ಲಿ ಸಿಗುತ್ತದೆಯೇ? ಎಲ್ಲದಕ್ಕೂ ಉತ್ತರವಿದೆ. ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ: ರಾತ್ರಿ ಆ ಕಾರು ನಿಲ್ಲುವ ನೆಲ ಯಾರದು? ನನ್ನ ತಕರಾರು ಇರುವುದು ಈ ಮೌನದ ಬಗ್ಗೆ.

ಅಲೆಮಾರಿ ಸಮುದಾಯಗಳ ಮೌಖಿಕ ಕಥನಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಡೇರೆ ಎನ್ನುವುದು ದಿನನಿತ್ಯದ ವಿಷಯ. ಹಾಗೆಂದು ರೂಫ್ ಟೆಂಟನ್ನು ದೂರದಿಂದಲೇ ಕಂಡು ಮೂಗು ಮುರಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ಗೆಳೆಯನೊಬ್ಬನ ಜೀಪಿನ ಮೇಲೆ ಅಂಥದ್ದೊಂದಿದೆ. ಅದರಲ್ಲಿ ಹಲವು ರಾತ್ರಿ ಮಲಗಿದ್ದೇನೆ. ಅದರ ಸುಖ ಸುಳ್ಳಲ್ಲ. ನೆಲದ ಕಲ್ಲು ಬೆನ್ನಿಗೆ ಚುಚ್ಚುವುದಿಲ್ಲ, ಮಳೆನೀರು ಕೆಳಗಿನಿಂದ ನುಗ್ಗುವುದಿಲ್ಲ, ಹಾವು ಚೇಳಿನ ಭಯ ಕಡಿಮೆ. ಆದರೆ ಮಾರುವವರು ಹೇಳದ ಸಂಗತಿಗಳೂ ಇವೆ. ಪಕ್ಕದವರು ಮಗ್ಗುಲು ಬದಲಿಸಿದರೆ ಇಡೀ ಜೀಪು ತೂಗುತ್ತದೆ. ಗಾಡಿ ಸ್ವಲ್ಪ ಇಳಿಜಾರಿನಲ್ಲಿ ನಿಂತಿದ್ದರೂ ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಜಾರುತ್ತಿರಬೇಕು. ಚಕ್ರದ ಕೆಳಗೆ ಚಪ್ಪಟೆ ಕಲ್ಲಿಟ್ಟು ಸಮ ಮಾಡಿಕೊಳ್ಳುವುದನ್ನು ಮೊದಲು ಕಲಿಯಬೇಕು. ನಡುರಾತ್ರಿ ಮೂತ್ರಕ್ಕೆ ಎದ್ದರೆ ಇಬ್ಬನಿಯಲ್ಲಿ ನೆಂದ ಏಣಿಯ ಮೆಟ್ಟಿಲನ್ನು ಕಾಲಿನಿಂದ ತಡಕಿಕೊಂಡು ಇಳಿಯಬೇಕು. ಬೆಳಿಗ್ಗೆ ಎರಡು ಕಿಲೊಮೀಟರ್ ಆಚೆ ಚಹಾ ಕುಡಿದು ಬರೋಣವೆಂದರೆ ಮನೆಯನ್ನೇ ಮಡಚಿ ಕಟ್ಟಿಕೊಂಡು ಹೋಗಬೇಕು. ಮಲೆನಾಡಿನ ತೇವದಲ್ಲಿ ಇಬ್ಬರ ಉಸಿರೇ ಒಳಗೋಡೆಯ ಮೇಲೆ ಹನಿಯಾಗಿ ನಿಲ್ಲುತ್ತದೆ. ಕಿಟಕಿಯನ್ನು ಒಂದಿಷ್ಟಾದರೂ ತೆರೆದಿಟ್ಟುಕೊಂಡೇ ಮಲಗಬೇಕು. ನೆಂದ ಬಟ್ಟೆಯನ್ನು ಮಡಚಿಟ್ಟು ಊರಿಗೆ ಬಂದು ಮರೆತರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಆಯ್ಕೆಯ ಮಾತಿಗೆ ಬರೋಣ. ಮೊದಲು ನೋಡಬೇಕಾದದ್ದು ಡೇರೆಯನ್ನಲ್ಲ, ಕಾರಿನ ಜೊತೆ ಕೊಟ್ಟ ಕೈಪಿಡಿಯನ್ನು. ಚಲಿಸುವಾಗ ಛಾವಣಿ ಎಷ್ಟು ಭಾರ ಹೊರಬಹುದು ಎಂಬ ಅಂಕಿ ಅದರಲ್ಲಿರುತ್ತದೆ. ರೂಫ್ ಟೆಂಟುಗಳು ಸಾಮಾನ್ಯವಾಗಿ 50ರಿಂದ 80 ಕಿಲೊ ತೂಗುತ್ತವೆ. ಅದನ್ನು ಹಿಡಿದಿಡುವ ಅಡ್ಡಪಟ್ಟಿಗಳ ತೂಕವನ್ನೂ ಅದಕ್ಕೆ ಸೇರಿಸಬೇಕು. ನಿಂತ ಗಾಡಿಯ ಛಾವಣಿ ಇದಕ್ಕಿಂತ ಎಷ್ಟೋ ಹೆಚ್ಚು ಭಾರ ತಡೆಯುತ್ತದೆ, ಆದ್ದರಿಂದಲೇ ಇಬ್ಬರು ಮೇಲೆ ಮಲಗಲು ಸಾಧ್ಯ. ಓಡುವಾಗಿನ ಲೆಕ್ಕ ಬೇರೆ. ಬ್ರೇಕು, ಗುಂಡಿ, ತಿರುವು ಪ್ರತಿಯೊಂದೂ ಆ ಭಾರವನ್ನು ಹಿಡಿದು ಜಗ್ಗುತ್ತದೆ. ಭಾರ ಮೇಲೇರಿದಷ್ಟೂ ಗಾಡಿ ಓಲಾಡುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಅದು ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಗಾಳಿಗೆ ಎದೆಯೊಡ್ಡಿ ಓಡುವುದರಿಂದ ಡೀಸೆಲ್ ಕೂಡ ಹೆಚ್ಚು ಕುಡಿಯುತ್ತದೆ. ಗಟ್ಟಿ ಕವಚದ್ದು ಬೇಗ ತೆರೆದುಕೊಳ್ಳುತ್ತದೆ, ಗಾಳಿಯನ್ನೂ ಕಡಿಮೆ ತಡೆಯುತ್ತದೆ, ಆದರೆ ದುಬಾರಿ. ಮಡಚುವ ಬಟ್ಟೆಯದ್ದು ಅಗ್ಗ, ಒಳಗೆ ಜಾಗ ಹೆಚ್ಚು, ಆದರೆ ಮಳೆಯಲ್ಲಿ ಕಟ್ಟುವಾಗ ತಾಳ್ಮೆ ಪರೀಕ್ಷಿಸುತ್ತದೆ. ವರ್ಷಕ್ಕೆ ನಾಲ್ಕು ರಾತ್ರಿಗಾಗಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಬಾಡಿಗೆಗೆ ತೆಗೆದುಕೊಳ್ಳಿ.

ಇಷ್ಟು ಹೇಳಿದರೆ ಸಲಹೆಗಾರರ ಕೆಲಸ ಮುಗಿಯುತ್ತದೆ. ನನ್ನ ಮಾತು ಶುರುವಾಗುವುದೇ ಇಲ್ಲಿಂದ.

ಈ ವಸ್ತುವಿಗೊಂದು ಇತಿಹಾಸವಿದೆ. 1950ರ ದಶಕದ ಕೊನೆಗೆ ಇಟಲಿಯಲ್ಲಿ ಇದು ಮಾರಾಟಕ್ಕೆ ಬಂದಿತ್ತು. ಪೂರ್ವ ಜರ್ಮನಿಯಲ್ಲಿ 1970ರ ದಶಕದ ಹೊತ್ತಿಗೆ ಟ್ರಬಾಂಟ್ ಎಂಬ ಪುಟ್ಟ ಕಾರಿನ ಮೇಲೂ ಡೇರೆ ಏರಿತ್ತು. ಸ್ಕೂಟರಿನಂತೆ ಪಟಪಟ ಎನ್ನುತ್ತಿದ್ದ, 26 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ನಿನ ಬಡಪಾಯಿ ಕಾರು ಅದು. ರಜೆಯ ವಸತಿಗೆ ಕಾರ್ಮಿಕ ಸಂಘದ ಹಂಚಿಕೆಗಾಗಿ ಕಾಯಬೇಕಿದ್ದ ನಾಡಿನಲ್ಲಿ ಅದು ಸಾಮಾನ್ಯರು ಕಂಡುಕೊಂಡ ಉಪಾಯವಾಗಿತ್ತು. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾಗಳಲ್ಲಿ ಸಿಂಹ, ಕತ್ತೆಕಿರುಬಗಳ ನಡುವೆ ನೆಲದಿಂದ ಮೇಲೆ ಮಲಗುವುದಕ್ಕೊಂದು ಅರ್ಥವಿತ್ತು. ನಮ್ಮ ಪಶ್ಚಿಮಘಟ್ಟಕ್ಕೆ ಆ ತರ್ಕವನ್ನು ಹಾಗೆಯೇ ತಂದರೆ ಏನಾಗುತ್ತದೆ ನೋಡಿ. ಇಲ್ಲಿ ರಾತ್ರಿ ಎದುರಾಗುವುದು ಆನೆ. ದೊಡ್ಡ ಗಂಡಾನೆಯ ಭುಜ ಎರಡೂವರೆ ಮೀಟರ್ ಎತ್ತರಕ್ಕಿರುತ್ತದೆ. ಕಾರಿನ ಛಾವಣಿಯ ಮೇಲೆ ಮಲಗಿದವರು ಆನೆಯಿಂದ ದೂರವಾಗಿಲ್ಲ, ಅದರ ಕಣ್ಣಿನ ಮಟ್ಟಕ್ಕೆ ಬಂದಿರುತ್ತಾರೆ. ಸಕಲೇಶಪುರ, ಆಲೂರು ಕಡೆಯ ತೋಟದ ಕೂಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಡಿಲಿನದ್ದೂ ಅದೇ ಕಥೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕಾರಿನ ಲೋಹದ ಒಡಲೊಳಗೆ ಕುಳಿತವರಿಗೆ ರಕ್ಷಣೆಯಿದೆ. ಅದರ ಮೇಲಿನ ಬಟ್ಟೆಯ ಡೇರೆಯಲ್ಲಿ ಇದ್ದವರಿಗಿಲ್ಲ. ಬೋಳುಗುಡ್ಡದ ನೆತ್ತಿಯಲ್ಲಿ ಬಿಡಾರ ಹೂಡಿ ಚಿತ್ರ ತೆಗೆಸಿಕೊಳ್ಳುವವರು ಗುಡುಗು ಕೇಳಿದ ಕೂಡಲೇ ಇಳಿದು ಕಾರಿನೊಳಗೆ ಸೇರಿಕೊಳ್ಳಬೇಕು.

ಡೇರೆಯ ಜೊತೆ ಬಂದ ಇನ್ನೊಂದು ಸರಕು ಇನ್ನೂ ಅಪಾಯಕಾರಿ. ಅದು 'ಖಾಲಿ ಜಾಗ' ಎಂಬ ಕಲ್ಪನೆ. ಈ ಬಗೆಯ ತಿರುಗಾಟಕ್ಕೆ ಓವರ್‌ಲ್ಯಾಂಡಿಂಗ್ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಆಸ್ಟ್ರೇಲಿಯಾದಲ್ಲಿ ದನದ ಹಿಂಡುಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುತ್ತಿದ್ದ ಬಿಳಿಯರನ್ನು ಓವರ್‌ಲ್ಯಾಂಡರ್ಸ್ ಎಂದು ಕರೆಯುತ್ತಿದ್ದರು. ಅವರು ಹಾದುಹೋದ ನೆಲ ಮೂಲನಿವಾಸಿಗಳದ್ದು. ಆದರೆ ವಸಾಹತಿನ ಕಾನೂನು ಅದನ್ನು ಯಾರಿಗೂ ಸೇರದ ನೆಲವೆಂದೇ ಎಣಿಸಿತು. ಆ ಸುಳ್ಳನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಪ್ರಕರಣದ ತೀರ್ಪಿನಲ್ಲಿ. ಅಲ್ಲಿ ನ್ಯಾಯಾಲಯವೇ ಕೈಬಿಟ್ಟ ಕಲ್ಪನೆಯನ್ನು ನಮ್ಮ ಜಾಹೀರಾತುಗಳು ಈಗ ಸ್ವಾತಂತ್ರ್ಯದ ಹೆಸರಿನಲ್ಲಿ ಮಾರುತ್ತಿವೆ: 'ಎಲ್ಲಿ ಬೇಕಾದರೂ ನಿಲ್ಲಿಸಿ, ಅದೇ ನಿಮ್ಮ ಮನೆ.'

ಎಲ್ಲಿ ಬೇಕಾದರೂ? ಕನ್ನಡದಲ್ಲಿ ನೆಲಕ್ಕಿರುವ ಹೆಸರುಗಳನ್ನು ಒಮ್ಮೆ ಎಣಿಸಿ. ಗೋಮಾಳ, ಕಾನು, ಬಾಣೆ, ಕುಮ್ಕಿ, ಸೊಪ್ಪಿನಬೆಟ್ಟ, ದೇವರಕಾಡು. ನಗರದಿಂದ ಬಂದವರ ಕಣ್ಣಿಗೆ ಇವೆಲ್ಲ ಪಾಳು ಬಿದ್ದ ಹಸಿರು. ಆದರೆ ಪ್ರತಿ ಹೆಸರಿನ ಹಿಂದೆ ಒಂದು ಹಕ್ಕಿದೆ, ಒಂದು ಕಟ್ಟುಪಾಡಿದೆ, ದನ ಮೇಯಿಸುವವರೋ ಸೊಪ್ಪು ತರುವವರೋ ಇದ್ದಾರೆ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಹೋಗುವಂತೆಯೇ ಇಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೇ ನಿರ್ಬಂಧವಿದೆ. ಅಂಥ ಕಡೆ ಡೇರೆಯ ಮಾತೆಲ್ಲಿ? ನಮ್ಮ ನಕ್ಷೆಯಲ್ಲಿ ಖಾಲಿ ಜಾಗ ಎನ್ನುವುದಿಲ್ಲ. ಖಾಲಿ ಎಂದು ಕಾಣುವುದು ಅಲ್ಲಿನವರನ್ನು ಮಾತಾಡಿಸದವರಿಗೆ.

'ಸ್ವೀಡನ್ನಿನಲ್ಲಿ ಎಲ್ಲಿ ಬೇಕಾದರೂ ಡೇರೆ ಹಾಕಬಹುದಲ್ಲ' ಎಂದು ವಾದಿಸುವವರಿದ್ದಾರೆ. ಅರ್ಧ ಸತ್ಯ. ಅಲ್ಲಿನ ಸಾರ್ವಜನಿಕ ಹಕ್ಕು ನಡೆದು ಬಂದ ಮನುಷ್ಯನಿಗೆ, ಒಂದೆರಡು ರಾತ್ರಿಗೆ, ಮನೆಗಳಿಂದ ದೂರದಲ್ಲಿ. ರಸ್ತೆ ಬಿಟ್ಟು ಮಣ್ಣಿನ ಮೇಲೆ ಮೋಟಾರು ವಾಹನ ಓಡಿಸುವುದಕ್ಕೆ ಅದೇ ದೇಶದಲ್ಲಿ ನಿಷೇಧವಿದೆ. ಸ್ಕಾಟ್ಲೆಂಡಿನ 2003ರ ಭೂ ಸುಧಾರಣಾ ಕಾಯ್ದೆ ಕೊಡುವ ತಿರುಗಾಟದ ಹಕ್ಕಿನಿಂದಲೂ ಮೋಟಾರು ವಾಹನಗಳು ಹೊರಗೆ. ಅಲೆಯುವ ಸ್ವಾತಂತ್ರ್ಯಕ್ಕೆ ಹೆಸರಾದ ನಾಡುಗಳೂ ಆ ಸ್ವಾತಂತ್ರ್ಯವನ್ನು ಕಾಲಿಗೆ ಕೊಟ್ಟಿವೆ, ಚಕ್ರಕ್ಕೆ ಕೊಟ್ಟಿಲ್ಲ.

ರೂಫ್ ಟೆಂಟಿನ ಪರವಾಗಿ ಹೇಳುವ ಇನ್ನೊಂದು ಮಾತು: ಇದು ನೆಲವನ್ನು ಮುಟ್ಟುವುದೇ ಇಲ್ಲ, ಹುಲ್ಲು ಸಾಯುವುದಿಲ್ಲ, ಗೂಟ ಹೊಡೆಯುವುದಿಲ್ಲ. ಮಲಗುವ ಹಾಸಿಗೆ ಮುಟ್ಟುವುದಿಲ್ಲ, ನಿಜ. ಎರಡು ಟನ್ನಿನ ಗಾಡಿ ಮುಟ್ಟುತ್ತದೆ. ಪಾತ್ರೆ ತೊಳೆದ ನೀರು, ಮಲಮೂತ್ರ, ಒಲೆಯ ಬೂದಿ ಎಲ್ಲವೂ ಕೊನೆಗೆ ನೆಲಕ್ಕೇ ಇಳಿಯುತ್ತವೆ. ನೆಲ ಮುಟ್ಟದೆ ತಂಗಿದ್ದೇವೆ ಎಂಬ ಭ್ರಮೆ ಇರುವುದರಿಂದಲೇ ಬೆಳಿಗ್ಗೆ ಹಿಂದಿರುಗಿ ನೋಡುವ ಅಭ್ಯಾಸ ತಪ್ಪುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಬಿಡಾರವನ್ನು ನೋಡಿ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು ಸಂಸಾರವನ್ನು ಕುದುರೆಯ ಮೇಲೆ ಹೇರಿಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ಕೊಯ್ಲು ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸಲು ರೈತರೇ ಅವರನ್ನು ಕರೆಯುತ್ತಾರೆ, ಕಾಳನ್ನೋ ಹಣವನ್ನೋ ಕೊಡುತ್ತಾರೆ. ಏಕೆಂದರೆ ಕುರಿಯ ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ. ಒಂದು ರಾತ್ರಿ ತಂಗಿದ ನೆಲವನ್ನು ಬಂದಾಗಿಗಿಂತ ಫಲವತ್ತಾಗಿ ಬಿಟ್ಟುಹೋಗುವ ಅಲೆಮಾರಿತನ ಅದು. ಓವರ್‌ಲ್ಯಾಂಡಿಂಗ್ ಕಲಿಯಲು ನಾವು ಆಸ್ಟ್ರೇಲಿಯಾದ ವಿಡಿಯೊ ನೋಡುತ್ತೇವೆ. ಶತಮಾನಗಳಿಂದ ಅದೇ ಕೆಲಸ ಮಾಡುತ್ತಿರುವವರು ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದಾರೆ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಚುಚ್ಚುವುದು ಒಂದು ಪದದ ಗತಿ. 'ಅಲೆಮಾರಿ' ಈಗ ಪ್ರವಾಸ ಪ್ರಿಯರ ಬಿರುದು. ವಾರಾಂತ್ಯಕ್ಕೆ ಕಾರು ಹತ್ತುವವರೆಲ್ಲ ಅಲೆಮಾರಿಗಳು. ಇದೇ ಪದವನ್ನು ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗುವವರಿದ್ದಾರೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಲೆಯುವ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾಯ್ದೆ ತಂದಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಅವರನ್ನು ಬೇಲಿಯೊಳಗೆ ಕೂಡಿಟ್ಟ ಜಾಗಗಳಿಗೆ ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಇವತ್ತಿಗೂ 'ಸೆಟ್ಲ್‌ಮೆಂಟ್' ಎಂದೇ ಹೆಸರು. 2025ರ ಆಗಸ್ಟಿನಲ್ಲಿ ಒಳಮೀಸಲಾತಿಯ ನಿರ್ಧಾರವಾದಾಗ, ನಾಗಮೋಹನದಾಸ್ ಆಯೋಗ ಪ್ರತ್ಯೇಕವಾಗಿ ಶಿಫಾರಸು ಮಾಡಿದ್ದ ಶೇ. 1ರ ಪಾಲು ಕೈತಪ್ಪಿತೆಂದು ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಂದಿಜೋಗಿಗಳು ಸೇರಿದಂತೆ 59 ಅಲೆಮಾರಿ ಸಮುದಾಯಗಳವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಬಿರುದಿಗಾಗಿ 'ಅಲೆಮಾರಿ' ಎಂದುಕೊಂಡವರಲ್ಲಿ ಎಷ್ಟು ಮಂದಿ ಅತ್ತ ತಿರುಗಿ ನೋಡಿದೆವು?

ಕ್ಷೇತ್ರಕಾರ್ಯಕ್ಕೆ ಹೋದ ಒಂದು ಸಣ್ಣ ಊರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಊರಾಚೆಯ ಕೆರೆ ಏರಿಯ ಪಕ್ಕ ಆರು ಗುಡಾರಗಳಿದ್ದವು. ಸೀರೆ, ಪ್ಲಾಸ್ಟಿಕ್ ಹಾಳೆ, ಬಿದಿರು ಸೇರಿಸಿ ಕಟ್ಟಿದ್ದು. ಮೂರನೇ ದಿನ ಊರವರು ಬಂದು ಜಾಗ ಖಾಲಿ ಮಾಡಿಸಿದರು. ಕಾರಣ ಕೇಳಿದರೆ, "ಇವರನ್ನ ನಂಬಕ್ಕಾಗಲ್ಲ ಸಾರ್, ಕಳ್ಳತನ ಶುರುವಾಗತ್ತೆ" ಎಂದರು. ಅದೇ ಚಳಿಗಾಲದಲ್ಲಿ ಗೆಳೆಯನ ಜೀಪು ಅದೇ ಏರಿಯ ಮೇಲೆ ನಿಂತಾಗ ಅದೇ ಊರಿನವರು ಮಕ್ಕಳನ್ನು ಕರೆತಂದು ಡೇರೆ ತೋರಿಸಿದರು, ಮನೆಯಿಂದ ಹಾಲು ತಂದುಕೊಟ್ಟರು. ನೆಲ ಒಂದೇ, ಕೆರೆ ಒಂದೇ, ಡೇರೆಯೂ ಬಟ್ಟೆಯದ್ದೇ. ಒಂದರ ಕೆಳಗೆ ಲಕ್ಷಾಂತರ ರೂಪಾಯಿಯ ಗಾಡಿಯಿತ್ತು.

ಇದಕ್ಕೆ ಬರಬಹುದಾದ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಮುಚ್ಚಿಡಲಾರೆ. ಗುರುತಿನ ಚೀಟಿಯ ಮೇಲಿನ ಹೆಸರು ನೋಡಿ ರೂಮಿಲ್ಲ ಎನ್ನುವ ಲಾಡ್ಜುಗಳಿರುವ ದೇಶ ಇದು. ಜಾತಿ ಕೇಳುವ ಹೋಂಸ್ಟೇಗಳಿವೆ. ಮದುವೆಯಾಗದ ಜೋಡಿಯನ್ನು, ಒಂಟಿ ಹೆಣ್ಣುಮಗಳನ್ನು ವಿಚಾರಣೆಗೆ ಒಳಪಡಿಸುವ ಕೌಂಟರುಗಳಿವೆ. ಅಂಥವರಿಗೆ ತಮ್ಮದೇ ಸೂರನ್ನು ಹೊತ್ತು ತಿರುಗುವುದು ಷೋಕಿಯಲ್ಲ, ಘನತೆಯ ಪ್ರಶ್ನೆ. ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕಾರು ಕೊಳ್ಳಬಲ್ಲವರಿಗೆ ಮಾತ್ರ ಸಿಗುವ ಘನತೆ ಆ ಕೌಂಟರನ್ನು ಬದಲಿಸುವುದಿಲ್ಲ. ತಂಗಲು ಜಾಗ ಸಿಗದ ಅವಮಾನ ಏನೆಂದು ಬಲ್ಲವರೇ ಗುಡಾರದವರನ್ನು ಎಬ್ಬಿಸುವಾಗ ಮೊದಲು ಮಾತಾಡಬೇಕು.

ಹಾಗಾದರೆ ರೂಫ್ ಟೆಂಟ್ ಬೇಡವೇ? ಬೇಕಾದವರು ಇಟ್ಟುಕೊಳ್ಳಲಿ. ಆದರೆ ಆಯ್ಕೆಯ ಕ್ರಮ ತಿರುಗುಮುರುಗಾಗಲಿ. ಮೊದಲು ನೆಲ, ಆಮೇಲೆ ಗಾಡಿ, ಕೊನೆಗೆ ಡೇರೆ. ಕಾಡಿನ ಗಡಿ ಬಿಟ್ಟು, ಒಪ್ಪಿಗೆ ಕೊಟ್ಟ ರೈತರ ಕಣದಲ್ಲೋ ತೋಟದ ಅಂಗಳದಲ್ಲೋ ನಿಲ್ಲಿಸಿ. ಲಾಡ್ಜಿಗೆ ಕೊಡುತ್ತಿದ್ದ ಹಣದಲ್ಲಿ ಒಂದು ಪಾಲನ್ನಾದರೂ ಆ ಮನೆಗೆ ಕೊಡಿ. ಅವರ ಬಚ್ಚಲು ಬಳಸಲು ಕೇಳಿ, ಇಲ್ಲವಾದರೆ ನಿಮ್ಮ ಕಸ, ಮಲ ಎರಡನ್ನೂ ಹೊತ್ತು ತರುವ ಏರ್ಪಾಡು ಮಾಡಿಕೊಳ್ಳಿ. ಹಾಡಿನ ಪೆಟ್ಟಿಗೆ, ಕಣ್ಣು ಕುಕ್ಕುವ ದೀಪದ ಪಟ್ಟಿ ಊರಲ್ಲೇ ಇರಲಿ. ನಿಂತ ಜಾಗದ ನಕ್ಷೆಯನ್ನು ಸಾವಿರಾರು ಜನರಿಗೆ ಹಂಚಬೇಡಿ.

ಇದೆಲ್ಲ ನಾನು ಕಂಡುಹಿಡಿದ ನೀತಿಯಲ್ಲ. ನನ್ನೊಂದಿಗೆ ಮಾತಾಡಿದ ಕುರಿಗಾಹಿಯೊಬ್ಬರು ತಮ್ಮ ಕ್ರಮವನ್ನು ಒಂದೇ ಮಾತಿನಲ್ಲಿ ಹೇಳಿದ್ದರು: ಹೊತ್ತು ಮುಳುಗುವ ಮೊದಲು ಹೊಲದೊಡೆಯನ ಮುಖ ನೋಡಬೇಕು, ಕತ್ತಲಾದ ಮೇಲೆ ಬಂದವನನ್ನು ಯಾರೂ ನಂಬುವುದಿಲ್ಲ.