ಕಂಬದ ಕ್ಯಾಕ್ಟಸ್ ಬೆಳೆಸೋಣ, ತುಂಡನ್ನು ಮಾತ್ರ ಗೋಮಾಳಕ್ಕೆ ಎಸೆಯೋದು ಬೇಡ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಸುದ್ದಿಗೆಂದು ತಿರುಗುವಾಗ ಈಚೆಗೆ ಒಂದು ಬದಲಾವಣೆ ನಮ್ಮ ಕಣ್ಣಿಗೆ ಬೀಳುತ್ತಿದೆ. ಹೊಸದಾಗಿ ಮನೆ ಕಟ್ಟಿದವರ ಮೆಟ್ಟಿಲ ಪಕ್ಕ, ತಾರಸಿಯ ಮೂಲೆಯಲ್ಲಿ, ಪಟ್ಟಣದ ಅಂಗಡಿಗಳ ಮುಂದೆ ಹಸಿರು ಕಂಬದ ಹಾಗೆ ನೆಟ್ಟಗೆ ನಿಂತ ಕ್ಯಾಕ್ಟಸ್ ಕುಂಡಗಳು. ಸಂತೆಗೂ ಬಂದಿವೆ, ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೂ ಬರುತ್ತವೆ. ಮಾರುವವರು ಹೇಳುವುದು ಒಂದೇ ಮಾತು: "ಇದಕ್ಕೆ ಏನೂ ಮಾಡೋದು ಬೇಡ, ತಾನೇ ಬೆಳೀತದೆ."

ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ಯಾರೂ ಹೇಳುತ್ತಿಲ್ಲ. ಹೇಳದೇ ಇರುವುದರಿಂದ ಗಿಡವೂ ಕೊಳೆಯುತ್ತಿದೆ, ದುಡ್ಡೂ ಹೋಗುತ್ತಿದೆ. ಇನ್ನೂ ದೊಡ್ಡ ತೊಂದರೆಗಳು ಎರಡಿವೆ. ಒಂದು ಮಕ್ಕಳ ಕಣ್ಣಿಗೆ ಸಂಬಂಧಿಸಿದ್ದು, ಇನ್ನೊಂದು ನಮ್ಮ ದನ ಕುರಿ ಮೇಯುವ ಜಾಗಕ್ಕೆ ಸಂಬಂಧಿಸಿದ್ದು. ಅದಕ್ಕೇ ಈ ಬರಹ.

ಬೆಳೆಸಬೇಡಿ ಎಂದು ನಾವು ಹೇಳುತ್ತಿಲ್ಲ. ನೀರಿಲ್ಲದ ನಮ್ಮ ಸೀಮೆಗೆ ಇಷ್ಟು ಹೊಂದುವ ಅಲಂಕಾರದ ಗಿಡ ಇನ್ನೊಂದಿಲ್ಲ. ಟ್ಯಾಂಕರ್ ನೀರಿಗೆ ಕಾಯುವ ಊರಲ್ಲಿ ದಿನಾ ಒಂದು ಬಕೆಟ್ ನೀರು ಕುಡಿಯುವ ಹುಲ್ಲುಹಾಸು, ಕ್ರೋಟನ್ ಸಾಕುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ತಿಳಿದು ಬೆಳೆಸಬೇಕು.

ಕಳ್ಳಿಯೇ ಬೇರೆ, ಕ್ಯಾಕ್ಟಸ್ಸೇ ಬೇರೆ

ಮೊದಲು ಈ ಗೊಂದಲ ಹೋಗಬೇಕು. ನಮ್ಮ ಹೊಲದ ಬೇಲಿಯ ಕೋಲುಗಳ್ಳಿ, ಗುಡ್ಡದ ಚದುರಗಳ್ಳಿ ಇವು ಕ್ಯಾಕ್ಟಸ್ ಅಲ್ಲ. ಹರಳು, ಮರಗೆಣಸು ಇರುವ ಕುಟುಂಬಕ್ಕೆ ಸೇರಿದ ಗಿಡಗಳು ಅವು. ಕ್ಯಾಕ್ಟಸ್ ಕುಟುಂಬವೇ ಬೇರೆ. ಒಂದೇ ಒಂದು ಜಾತಿ ಬಿಟ್ಟರೆ ಆ ಕುಟುಂಬದ ಎಲ್ಲ ಗಿಡಗಳ ತವರು ಅಮೆರಿಕ ಖಂಡಗಳು. ನಮ್ಮಲ್ಲಿ ಕಾಣುವ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಈಗ ರೈತರು ಕಂಬ ನೆಟ್ಟು ಹಬ್ಬಿಸುತ್ತಿರುವ ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್ಸೇ. ಮನೆ ಮುಂದೆ ಇಡುವ ಕಂಬದ ಜಾತಿಗೆ ಸೀರಿಯಸ್ ಅನ್ನುತ್ತಾರೆ. 'ಪೆರುವಿಯನ್ ಆಪಲ್ ಕ್ಯಾಕ್ಟಸ್' ಎಂಬ ಹೆಸರಲ್ಲೂ ಮಾರುತ್ತಾರೆ. ತವರು ದಕ್ಷಿಣ ಅಮೆರಿಕ.

ಹೆಸರಿನ ಜಗಳ ಯಾಕೆ ಅನ್ನಬೇಡಿ. ನರ್ಸರಿಗಳಲ್ಲಿ ಕ್ಯಾಕ್ಟಸ್ ಎಂದು ಮಾರುವ ಕಂಬದ ಗಿಡಗಳಲ್ಲಿ ಎಷ್ಟೋ ವಾಸ್ತವದಲ್ಲಿ ಕಳ್ಳಿ ಜಾತಿಯವು. ಅವುಗಳನ್ನು ಮುರಿದರೆ, ಕೊಯ್ದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪದರಕ್ಕೇ ಪೆಟ್ಟು, ದೃಷ್ಟಿಗೇ ಅಪಾಯ. ಬೇಲಿ ಸವರುವ ಹಿರಿಯರಿಗೆ ಇದು ಗೊತ್ತಿದೆ. ಕುಂಡದಲ್ಲಿ ಚೆಂದವಾಗಿ ನಿಂತ ಗಿಡದಲ್ಲೂ ಅದೇ ಹಾಲು ಇರಬಹುದೆಂದು ಹೊಸ ಮನೆಯ ಮಕ್ಕಳಿಗೆ ಯಾರು ಹೇಳುತ್ತಾರೆ?

ಗುರುತು ಹಿಡಿಯುವುದು ಕಷ್ಟವಲ್ಲ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯಂಥ ಸಣ್ಣ ಗುಬ್ಬಿಯೊಳಗಿಂದ ಗೊಂಚಲಾಗಿ ಬರುತ್ತವೆ. ಕಳ್ಳಿ ಜಾತಿಯಲ್ಲಿ ಸಾಮಾನ್ಯವಾಗಿ ಏಣಿನ ಮೇಲೆ ಜೋಡಿ ಜೋಡಿ ಮುಳ್ಳು, ಹತ್ತಿಯ ಗುಬ್ಬಿ ಇರುವುದಿಲ್ಲ. ಅನುಮಾನ ಇದ್ದರೆ ಉದ್ದನೆಯ ಸೂಜಿಯಿಂದ ದೂರದಲ್ಲೇ ನಿಂತು ಚುಚ್ಚಿ ನೋಡಿ. ಹಾಲು ಬಂದರೆ ಕಳ್ಳಿ. ಸೀರಿಯಸ್‌ನಲ್ಲಿ ಬರುವುದು ನೀರಿನಂಥ ಲೋಳೆ ಮಾತ್ರ.

ಹಾಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಕಣ್ಣಿಗೆ ಬಿಡುತ್ತಾ ತೊಳೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎದೆಹಾಲು, ತುಪ್ಪ, ಎಣ್ಣೆ ಏನನ್ನೂ ಹಾಕಬೇಡಿ. ಗಿಡದ ತುಂಡನ್ನೋ ಫೋಟೊವನ್ನೋ ಡಾಕ್ಟರಿಗೆ ತೋರಿಸಿ.

ಕೊಲ್ಲುವುದು ಬಿಸಿಲಲ್ಲ, ನಮ್ಮ ಚೊಂಬು

ಮನೆಗೆ ತಂದ ಕ್ಯಾಕ್ಟಸ್ ಸಾಯುವುದು ಬಹುತೇಕ ನೀರು ಹೆಚ್ಚಾಗಿ. ತುಳಸಿಗೆ ಹಾಕುವ ಕೈ ಇದಕ್ಕೂ ದಿನಾ ಒಂದು ಚೊಂಬು ಹಾಕುತ್ತದೆ. ಒಂದೆರಡು ತಿಂಗಳಲ್ಲಿ ಬುಡ ಮೆತ್ತಗಾಗಿ ಗಿಡ ಮಲಗುತ್ತದೆ.

ಈ ಗಿಡದ ಬದುಕೇ ಬೇರೆ ಥರ. ಬೇರೆ ಗಿಡಗಳು ಹಗಲಲ್ಲಿ ಉಸಿರುರಂಧ್ರ ತೆರೆದರೆ ಇದು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಹಗಲು ಮುಚ್ಚಿಕೊಂಡು ನೀರು ಉಳಿಸುತ್ತದೆ. ಕಂಬದ ಏಣುಗಳು ಹಾರ್ಮೋನಿಯಂ ತಿದಿಯ ಹಾಗೆ. ನೀರು ಸಿಕ್ಕಾಗ ಉಬ್ಬುತ್ತವೆ, ಇಲ್ಲದಾಗ ಒಳಕ್ಕೆ ಎಳೆದುಕೊಳ್ಳುತ್ತವೆ. ಏಣು ಸ್ವಲ್ಪ ಒಳಸರಿದರೆ ಗಾಬರಿ ಬೇಡ. ಅದು ಸಾಯುತ್ತಿಲ್ಲ, ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿದೆ.

ಮಣ್ಣು: ಎರೆ ಮಣ್ಣು ಬೇಡವೇ ಬೇಡ. ಅದು ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಬರೀ ಕೆಮ್ಮಣ್ಣೂ ಗಟ್ಟಿಯಾಗುತ್ತದೆ. ಅರ್ಧ ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಸಣ್ಣ ಜಲ್ಲಿ. ಕಾಲು ಪಾಲು ಕೆಮ್ಮಣ್ಣು, ಕಾಲು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಮನೆ ಕಟ್ಟಿದ ಕಡೆ ಇದೆಲ್ಲ ಬಿದ್ದೇ ಇರುತ್ತದೆ, ಪ್ಯಾಕೆಟ್ ಮಣ್ಣು ಕೊಳ್ಳಬೇಕಿಲ್ಲ.

ಕುಂಡ: ತಳದಲ್ಲಿ ತೂತಿರುವ ಮಣ್ಣಿನ ಕುಂಡ ಒಳ್ಳೆಯದು. ಪ್ಲಾಸ್ಟಿಕ್ ಕುಂಡ ಹಗುರ, ಗಿಡ ಎತ್ತರವಾದ ಮೇಲೆ ಆಷಾಢದ ಗಾಳಿಗೆ ಉರುಳುತ್ತದೆ. ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ. ಬೇರು ಕೊಳೆಯುವುದಷ್ಟೇ ಅಲ್ಲ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ.

ನೀರು: ಒಂದು ಒಣ ಕಡ್ಡಿಯನ್ನು ಎರಡು ಮೂರು ಇಂಚು ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ನೀರು ಬೇಡ. ಒಣಗಿ ಬಂದರೆ ತಳದಿಂದ ಸುರಿಯುವಷ್ಟು ಒಮ್ಮೆ ಹಾಕಿ ಸುಮ್ಮನಿರಿ. ಬೇಸಿಗೆಯಲ್ಲಿ ಕುಂಡಕ್ಕೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಮಳೆ ಹಿಡಿದಾಗ ಏನೂ ಬೇಡ. ಜಡಿಮಳೆ ಇದ್ದರೆ ಕುಂಡವನ್ನು ಸೂರಿನ ಕೆಳಗೆ ಸರಿಸಿ.

ಬಿಸಿಲು: ಟಿವಿ ಪಕ್ಕ ಇಟ್ಟರೆ ತುದಿ ಸಣಕಲಾಗಿ ಬಿಳಿಚಿಕೊಂಡು ಬೆಳೆಯುತ್ತದೆ, ಆಮೇಲೆ ಬಾಗುತ್ತದೆ. ಇದು ಅಂಗಳದ ಗಿಡ. ಆದರೆ ನರ್ಸರಿಯ ನೆರಳಲ್ಲಿದ್ದದ್ದನ್ನು ತಂದ ದಿನವೇ ಏಪ್ರಿಲ್ ಬಿಸಿಲಿಗೆ ಇಟ್ಟರೆ ಸುಟ್ಟು ಬಿಳಿ ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮೊದಲ ಎರಡು ಮೂರು ವಾರ ಬೆಳಗಿನ ಎಳೆಬಿಸಿಲು ಮಾತ್ರ ಕೊಟ್ಟು ಅಭ್ಯಾಸ ಮಾಡಿಸಿ.

ರೋಗ: ಬುಡ ಕಂದಾಗಿ ಗಟ್ಟಿಯಾಗಿದ್ದರೆ ಅದು ವಯಸ್ಸಿನ ತೊಗಟೆ, ಬಿಟ್ಟುಬಿಡಿ. ಕಂದಾಗಿ ಮೆತ್ತಗಿದ್ದರೆ ಕೊಳೆ. ತಡಮಾಡದೆ ಮೇಲಿನ ಗಟ್ಟಿ ಭಾಗದಲ್ಲಿ ಕತ್ತರಿಸಿ. ಕೊಯ್ದ ಮುಖದಲ್ಲಿ ಕಂದು ಉಂಗುರ ಕಂಡರೆ ಇನ್ನೂ ಮೇಲೆ ಕೊಯ್ಯಿರಿ, ಪ್ರತಿ ಸಲ ಚಾಕು ಒರೆಸಿ. ಏಣುಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಕಂಡರೆ ಹತ್ತಿಯ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರೆ ಆಯಿತು. ಸಂಜೆ ಹೊತ್ತಲ್ಲಿ ಮಾಡಿ.

ನೂರಾರು ರೂಪಾಯಿ ಕೊಡುವುದು ಯಾಕೆ?

ಒಬ್ಬರ ಮನೆಯಲ್ಲಿ ಒಂದು ಗಿಡ ಇದ್ದರೆ ಊರಿಗೆಲ್ಲ ಸಾಕು. ಶಿವರಾತ್ರಿ ಕಳೆದು ಮುಂಗಾರು ಇನ್ನೂ ದೂರ ಇರುವಾಗ ಒಂದಡಿ ತುಂಡನ್ನು ಸ್ವಚ್ಛ ಚಾಕುವಿನಿಂದ ಕೊಯ್ಯಿರಿ. ಹಿಡಿಯಲು ಗೋಣಿಚೀಲವೋ ಮಡಿಸಿದ ಪೇಪರೋ ಬಳಸಿ. ತಕ್ಷಣ ನೆಟ್ಟರೆ ಕೊಳೆಯುತ್ತದೆ. ಒಂದೆರಡು ವಾರ ನೆರಳಲ್ಲಿ ಬಿಟ್ಟು, ಕೊಯ್ದ ಮುಖ ಒಣಗಿ ಗಟ್ಟಿ ಪದರ ಕಟ್ಟಿದ ಮೇಲೆ ಎರಡು ಮೂರು ಇಂಚು ಆಳಕ್ಕೆ ನೆಡಿ. ಮೇಲಿದ್ದ ತುದಿ ಮೇಲೇ ಇರಲಿ. ನೆಟ್ಟು ಒಂದು ವಾರವಾದರೂ ನೀರು ಬೇಡ. ಆಮೇಲೂ ಬೇರು ಹಿಡಿಯುವ ತನಕ ಕಡಿಮೆ ನೀರು.

ನೆಲಕ್ಕೇ ನೆಡುವವರು ಜಾಗ ನೋಡಿ ನೆಡಿ. ಇದು 30 ಅಡಿ ತನಕ ಎತ್ತರ ಹೋಗಬಲ್ಲ ಗಿಡ. ಕರೆಂಟ್ ತಂತಿಯ ಕೆಳಗೆ, ಮಕ್ಕಳು ಓಡಾಡುವ ಓಣಿಯ ಪಕ್ಕ ಬೇಡ.

ಮುಳ್ಳಿನ ಗಿಡ ಮನೆ ಮುಂದೆ ಇದ್ದರೆ ಜಗಳ, ಸಾಲ ಎಂದು ವಾಸ್ತು ಹೇಳುವವರೂ ಇದ್ದಾರೆ. ನಿಂಬೆಗೂ ಗುಲಾಬಿಗೂ ಮುಳ್ಳಿದೆ, ಅವುಗಳ ಮೇಲೆ ಯಾರಿಗೂ ಕೋಪವಿಲ್ಲ. ಬಾಗಿಲ ಪಕ್ಕ ಇಡಬಾರದು ಅನ್ನುವುದಕ್ಕೆ ಮಗುವಿನ ಕೈ, ಸೀರೆಯ ಸೆರಗು ಎರಡೇ ಕಾರಣ ಸಾಕು. ಅತ್ತ 'ಲಕ್ಕಿ ಪ್ಲಾಂಟ್' ಎಂದು ಬಣ್ಣ ಬಳಿದು, ಕಲ್ಲು ಅಂಟಿಸಿ ಮಾರುವುದೂ ಅಷ್ಟೇ ಪೊಳ್ಳು. ಅಂಥದ್ದು ತಂದಿದ್ದರೆ ಅಂಟಿಸಿದ ಕಲ್ಲು ಕಿತ್ತುಹಾಕಿ, ಮಣ್ಣು ಉಸಿರಾಡಲಿ.

ತಾಳ್ಮೆ ಇದ್ದವರಿಗೆ ಈ ಗಿಡ ಹೂವನ್ನೂ ಕೊಡುತ್ತದೆ. ಕೆಲವು ವರ್ಷ ಕಳೆದ ಮೇಲೆ ಅಂಗೈಗಿಂತ ದೊಡ್ಡ ಬಿಳಿ ಹೂವು ರಾತ್ರಿ ಅರಳಿ ಬೆಳಗಿನ ಬಿಸಿಲಿಗೆ ಬಾಡುತ್ತದೆ. ಹಣ್ಣನ್ನೂ ತಿನ್ನಬಹುದು. ಸಿಪ್ಪೆಯಲ್ಲಿ ಮುಳ್ಳಿಲ್ಲ, ಒಳಗೆ ಬಿಳಿ ತಿರುಳು, ಕಪ್ಪು ಬೀಜ. ಇಸ್ರೇಲ್‌ನ ಮರುಭೂಮಿಯಲ್ಲಿ ಇದನ್ನು 'ಕೋಬೊ' ಎಂಬ ಹೆಸರಲ್ಲಿ ಹಣ್ಣಿನ ಬೆಳೆಯಾಗಿ ಬೆಳೆದಿದ್ದಾರೆ. ಆದರೆ ಒಂದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅದೇ ಗಿಡದ ತುಂಡಿನಿಂದ ಬಂದದ್ದೂ ಅದೇ ಲೆಕ್ಕ. ಬೇರೆ ಊರಿನ, ಬೇರೆ ಮೂಲದ ಗಿಡ ಒಂದು ಹತ್ತಿರ ಇರಬೇಕು.

ಗೋಮಾಳದ ಪ್ರಶ್ನೆ

ಇನ್ನು ನಮಗೆ ಹೆಚ್ಚು ಚಿಂತೆ ಇರುವ ವಿಷಯ. ಗಿಡ ಜಾಸ್ತಿ ಬೆಳೆದಾಗ, ಮುರಿದಾಗ ಜನ ತುಂಡುಗಳನ್ನು ಊರಾಚೆ ಎಸೆಯುತ್ತಾರೆ. ಬೇರೆ ಗಿಡವಾದರೆ ಒಣಗಿ ಹೋದೀತು. ಇದು ಬಿದ್ದಲ್ಲೇ ಬೇರು ಬಿಡುತ್ತದೆ.

ಹೊರಗಿನಿಂದ ಬಂದ ಗಿಡ ಏನು ಮಾಡಬಲ್ಲದು ಎಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಬಳ್ಳಾರಿ ಜಾಲಿ ಬಂದದ್ದೂ ಅಮೆರಿಕ ಖಂಡದಿಂದಲೇ. ಕೆರೆಯಂಗಳ, ಗೋಮಾಳ ಎಷ್ಟು ನುಂಗಿದೆ ನೋಡಿ. ಪಾಪಾಸುಕಳ್ಳಿಯ ಕಥೆ ಇನ್ನೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಕೆಂಪು ಬಣ್ಣ ಕೊಡುವ ಹುಳು ಸಾಕಲು ಅದನ್ನು ಬೆಳೆಸಿದರು. 1795ರಲ್ಲಿ ಬ್ರೆಜಿಲ್‌ನಿಂದ ತಂದ ಹುಳು ಬೇಕಾದ ಜಾತಿಯದ್ದೇ ಆಗಿರಲಿಲ್ಲ. ದಕ್ಷಿಣ ಭಾರತದ ಹೊಲ ಗದ್ದೆಗಳಿಗೆ ಹಬ್ಬಿದ ಪಾಪಾಸುಕಳ್ಳಿಯನ್ನು ತಹಬಂದಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳು ತರಿಸಬೇಕಾಯಿತು.

ಕಂಬದ ಜಾತಿಗಳೂ ಸಾಧುವೇನಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸೀರಿಯಸ್‌ನ ಒಂದು ಜಾತಿ ಇಂದು ಕಾನೂನಿನ ಪ್ರಕಾರವೇ ಕಳೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1890ರ ದಶಕದಲ್ಲಿ ಕುಂಡದ ಗಿಡವಾಗಿ ಬಂದ ಹ್ಯಾರಿಸಿಯಾ ಎಂಬ ಸೋದರ ಜಾತಿ ದನ ಮೇಯುವ ನೆಲಕ್ಕೆ ಹಬ್ಬಿ ರೈತರನ್ನು ಕಾಡಿತು. ಅದು ಶುರುವಾದದ್ದು ಮನೆ ಕುಂಡದಿಂದಲೇ ಎಂಬುದನ್ನು ಮರೆಯಬಾರದು.

ನಮ್ಮ ಗೋಮಾಳದಲ್ಲಿ ಹಾಗೆ ಆಗುವ ಮೊದಲೇ ಎಚ್ಚರ ವಹಿಸಿದರೆ ಖರ್ಚಿಲ್ಲ. ಬೇಡವಾದ ತುಂಡನ್ನು ಉದ್ದಕ್ಕೆ ಸೀಳಿ, ತಾರಸಿಯ ಮೇಲೋ ಬಂಡೆಯ ಮೇಲೋ ಪೂರ್ತಿ ಒಣಗಿಸಿ, ಆಮೇಲೆ ಸುಟ್ಟುಬಿಡಿ. ಹಸಿ ತುಂಡನ್ನು ತಿಪ್ಪೆಗೆ, ಹಳ್ಳಕ್ಕೆ, ಬದುವಿಗೆ ಹಾಕಬೇಡಿ. ಹಣ್ಣು ಮಾಗಿದರೆ ಹಕ್ಕಿಗೆ ಬಿಡದೆ ನೀವೇ ಕಿತ್ತು ತಿನ್ನಿ, ಬೀಜ ದೂರ ಹೋಗುವುದು ಹಕ್ಕಿಯ ಹೊಟ್ಟೆಯಲ್ಲಿ. ನೆರೆಯವರಿಗೆ ತುಂಡು ಕೊಡುವಾಗ ಈ ಮಾತನ್ನೂ ಜೊತೆಗೆ ಕೊಡಿ.

ಮಾರುವವರ ಜವಾಬ್ದಾರಿಯೂ ಇದೆ. ಕುಂಡದ ಮೇಲೆ ಕನ್ನಡದಲ್ಲಿ ಎರಡು ಸಾಲಿನ ಚೀಟಿ ಅಂಟಿಸಲು ಎಷ್ಟು ಹಣ ಬೇಕು? ಇದು ಕ್ಯಾಕ್ಟಸ್ಸೋ ಕಳ್ಳಿಯೋ, ಹಾಲು ಬರುತ್ತದೋ ಇಲ್ಲವೋ ಎಂದು ಬರೆದರೆ ಸಾಕು. ಗೋಮಾಳ ಕಾಯಬೇಕಾದ ಗ್ರಾಮ ಪಂಚಾಯಿತಿಗಳು ಇಂಥ ಗಿಡ ನಾಲ್ಕು ಕಂಡಾಗಲೇ ಕೀಳಿಸಲಿ. ನಾನೂರು ಆದ ಮೇಲೆ ಟೆಂಡರ್ ಕರೆಯುವುದು ಬೇಡ.

ನಿಮ್ಮ ಮನೆಯಲ್ಲಿ ಈಗಾಗಲೇ ಒಂದು ಕಂಬ ನಿಂತಿದ್ದರೆ ಇವತ್ತೇ ಎರಡು ಕೆಲಸ ಮಾಡಿ. ಹಾಲು ಬರುವ ಜಾತಿಯೋ ಅಲ್ಲವೋ ನೋಡಿ ಮನೆಯ ಮಕ್ಕಳಿಗೆ ಹೇಳಿ. ಕಡ್ಡಿ ಚುಚ್ಚಿ ಮಣ್ಣು ನೋಡಿ. ಒದ್ದೆ ಇದ್ದರೆ ಚೊಂಬನ್ನು ತುಳಸಿಯ ಕಡೆ ತಿರುಗಿಸಿ.