ಹೊಸ ಬ್ಯಾಟರಿಯ ವಯಸ್ಸೆಷ್ಟು?

ಗೋಕಾಕ, ಮೂಡಲಗಿ ಸೀಮೆಯ ರೈತರು ಬೀಜದ ಚೀಲವನ್ನು ಕೊಳ್ಳುವಾಗ ಅದರ ಮೇಲಿನ ತಾರೀಖನ್ನು ತಪ್ಪದೆ ನೋಡುತ್ತಾರೆ. ಬೀಜದ ಪರೀಕ್ಷೆ ಯಾವಾಗ ಆಯಿತು, ಅದು ಎಲ್ಲಿಯವರೆಗೆ ಬಿತ್ತನೆಗೆ ಯೋಗ್ಯ ಎಂಬುದನ್ನು ತಿಳಿಯದೆ ಹಣ ತೆರುವವರು ವಿರಳ. ಆದರೆ ಅದೇ ಪೇಟೆಯಲ್ಲಿ ಕೈದೀಪವನ್ನೋ ಇನ್ವರ್ಟರಿನ ಬ್ಯಾಟರಿಯನ್ನೋ ಕೊಳ್ಳುವಾಗ ಈ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ. ಬ್ಯಾಟರಿಗೂ ವಯಸ್ಸುಂಟೆಂಬ ಅರಿವು ನಮ್ಮಲ್ಲಿ ಇನ್ನೂ ಮೂಡಿಲ್ಲ.

ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನಿಂದ ಹೆಸರಾದ ಕುಲಗೋಡದಲ್ಲಿ ನಮ್ಮ ಸೋದರಮಾವನವರಿದ್ದಾರೆ. ಪಂಪಿಗೆ ವಿದ್ಯುತ್ತು ರಾತ್ರಿಯ ಹೊತ್ತು ಬರುವುದರಿಂದ ಕಬ್ಬಿಗೆ ನೀರು ಹಾಯಿಸಲು ಅವರು ಕತ್ತಲಲ್ಲಿಯೇ ಹೋಗಬೇಕು. ಒಮ್ಮೆ ಅವರು ಕೊಂಡ ಹೊಸ ಕೈದೀಪವು ಇಡೀ ದಿನ ವಿದ್ಯುತ್ತು ತುಂಬಿದ ಮೇಲೂ ಮೊದಲನೆಯ ರಾತ್ರಿಯೇ ಅರ್ಧ ಗಂಟೆಯಲ್ಲಿ ನಂದಿಹೋಯಿತು. ಹಾವು ಹರಿದಾಡುವ ಬದುವಿನ ಮೇಲೆ ಅವರು ತಡವರಿಸುತ್ತ ಮನೆ ಸೇರಿದರು. ನಾವು ಅದನ್ನು ಬಿಚ್ಚಿ ನೋಡಿದಾಗ ಒಳಗಿದ್ದ ಸೀಸ-ಆಮ್ಲದ ಬ್ಯಾಟರಿಯ ಮೇಲೆ ಎರಡು ವರ್ಷಕ್ಕೂ ಹಿಂದಿನ ತಾರೀಖು ಅಚ್ಚಾಗಿತ್ತು. “ನಿನ್ನೆ ತಂದೇನೋ, ಹಳೇದು ಹೆಂಗ ಆಕ್ಕೈತಿ?” ಎಂದು ಮಾವನವರು ಕೇಳಿದರು. ಈ ಲೇಖನವು ಅವರ ಪ್ರಶ್ನೆಗೆ ನಮ್ಮ ಉತ್ತರ.

ಅಂಗಡಿಯಲ್ಲಿ ‘ಹೊಸದು’ ಎಂದರೆ ಯಾರೂ ಬಳಸದುದು ಎಂದಷ್ಟೇ ಅರ್ಥ. ಇತ್ತೀಚೆಗೆ ತಯಾರಾದುದು ಎಂಬ ಅರ್ಥವಿಲ್ಲ. ಬಳಸದೆ ಇಟ್ಟ ಕಬ್ಬಿಣದ ಸಲಾಕೆ ಸಲಾಕೆಯಾಗಿಯೇ ಉಳಿಯಬಹುದು. ಬ್ಯಾಟರಿಯಾದರೋ ಮುಚ್ಚಿದ ಪಾತ್ರೆಯಲ್ಲಿ ನಿಲ್ಲದೆ ನಡೆಯುತ್ತಿರುವ ರಾಸಾಯನಿಕ ಕ್ರಿಯೆ. ಸ್ವಿಚ್ಚು ಒತ್ತದಿದ್ದರೂ ಆ ಕ್ರಿಯೆ ಮೆಲ್ಲನೆ ಸಾಗುತ್ತಲೇ ಇರುತ್ತದೆ. ಇದರಿಂದ ಆಗುವ ನಷ್ಟ ಎರಡು ಬಗೆಯದು. ತುಂಬಿದ ವಿದ್ಯುತ್ತು ತಾನಾಗಿ ಸೋರಿಹೋಗುವುದು ಒಂದು. ಇದನ್ನು ಮತ್ತೆ ತುಂಬಬಹುದು. ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯೇ ಕುಗ್ಗುವುದು ಇನ್ನೊಂದು; ಇದು ಮರಳಿ ಬಾರದು. ಕೊಡದ ನೀರು ಆರುವುದಕ್ಕೂ ಕೊಡವೇ ಕಿರಿದಾಗುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಎಷ್ಟು ಹಳೆಯದಾದರೆ ಬ್ಯಾಟರಿ ಕೆಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅದು ಜಾತಿಯನ್ನು ಅವಲಂಬಿಸಿದೆ.

1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯೇ ಇಂದಿಗೂ ನಮ್ಮ ಇನ್ವರ್ಟರುಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಇರುವುದು. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಇದು ತಿಂಗಳಿಗೆ ನೂರಕ್ಕೆ 3ರಿಂದ 5ರಷ್ಟು ವಿದ್ಯುತ್ತನ್ನು ತಾನಾಗಿ ಕಳೆದುಕೊಳ್ಳುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಗಡಿನ ಮಾಡಿನ ಉಗ್ರಾಣದಲ್ಲಿ ನಮ್ಮ ಕಡೆಯ ಒಂದು ಬೇಸಿಗೆ ಕಳೆದರೆ ಏನಾದೀತೆಂದು ಓದುಗರೇ ಲೆಕ್ಕ ಹಾಕಬಹುದು. ವಿದ್ಯುತ್ತು ಇಳಿದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಬೇಗನೆ ಮರುಭರ್ತಿ ಮಾಡಿದರೆ ಅದು ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ದೊಡ್ಡ, ಗಡುಸಾದ ಹರಳುಗಳಾಗಿ ಫಲಕವನ್ನು ನಿರುಪಯುಕ್ತಗೊಳಿಸುತ್ತದೆ. ಆದಕಾರಣ ಸುಮಾರು ಆರು ತಿಂಗಳಿಗೊಮ್ಮೆ, ಬಿಸಿ ಪ್ರದೇಶದಲ್ಲಿ ಇನ್ನೂ ಬೇಗ, ಇದಕ್ಕೆ ವಿದ್ಯುತ್ತು ತುಂಬುತ್ತಿರಬೇಕು. ಮಾವನವರ ದೀಪಕ್ಕೆ ಈ ಆರೈಕೆ ದೊರೆತಿರಲಿಲ್ಲವೆಂಬುದು ಸ್ಪಷ್ಟ. ಆಮ್ಲವಿಲ್ಲದೆ ಒಣಗಿಸಿ ಕಳುಹಿಸಿ, ಮಾರುವಾಗ ಆಮ್ಲ ತುಂಬುವ ಬ್ಯಾಟರಿಗಳು ಮಾತ್ರ ಇದಕ್ಕಿಂತ ಹೆಚ್ಚು ಕಾಲ ಕಾಯಬಲ್ಲವು.

ನಿಕಲ್-ಲೋಹ ಹೈಡ್ರೈಡಿನ ಸಣ್ಣ ಕೋಶಗಳ ಕಥೆ ಬೇರೆ. ಹಳೆಯ ಮಾದರಿಯವು ತಿಂಗಳೊಂದರಲ್ಲಿಯೇ ನೂರಕ್ಕೆ 20ರಿಂದ 30ರಷ್ಟನ್ನು ಸೋರಿಸುತ್ತವೆ. 2005ರಲ್ಲಿ ಮಾರುಕಟ್ಟೆಗೆ ಬಂದ ಸುಧಾರಿತ ಕೋಶಗಳು ವರ್ಷದ ಕೊನೆಗೂ ಬಹುಭಾಗವನ್ನು ಉಳಿಸಿಕೊಳ್ಳುತ್ತವೆ. ಇಲ್ಲಿ ನಷ್ಟವಾಗುವುದು ಹೆಚ್ಚಾಗಿ ನೀರು, ಕೊಡವಲ್ಲ. ಎರಡು ಮೂರು ಬಾರಿ ತುಂಬಿ ಬಳಸಿದರೆ ಕೋಶ ಚೇತರಿಸಿಕೊಳ್ಳುತ್ತದೆ. ಎರಡು ವರ್ಷ ಹಳೆಯದಾದರೂ ಇಂಥದನ್ನು ಕೊಳ್ಳಲು ಅಂಜಬೇಕಿಲ್ಲ.

1991ರಿಂದ ಮಾರಾಟದಲ್ಲಿರುವ ಲಿಥಿಯಂ-ಅಯಾನ್ ಕೋಶ ಸೋರುವುದು ಅಲ್ಪ, ಆದರೆ ಕೊಡವೇ ಕಿರಿದಾಗುತ್ತದೆ. ಅದರ ಋಣಧ್ರುವದ ಮೇಲಿನ ತೆಳುಪೊರೆ ದಿನೇ ದಿನೇ ದಪ್ಪವಾಗುತ್ತ ಲಿಥಿಯಮ್ಮನ್ನು ಕಬಳಿಸುತ್ತದೆ. 40 ಭಾಗ ತುಂಬಿ 25 ಡಿಗ್ರಿಯಲ್ಲಿಟ್ಟರೆ ವರ್ಷದಲ್ಲಿ ನೂರಕ್ಕೆ ಸುಮಾರು 4ರಷ್ಟು ನಷ್ಟ. ಪೂರ್ತಿ ತುಂಬಿ 40 ಡಿಗ್ರಿಯಲ್ಲಿಟ್ಟರೆ ಸುಮಾರು 35ರಷ್ಟು. ವಯಸ್ಸು ಒಂದೇ, ಫಲ ಎಷ್ಟು ಬೇರೆ! ಪೂರ್ತಿ ಬರಿದಾಗಿ ಬಹುಕಾಲ ಬಿದ್ದಿದ್ದ ಕೋಶವಂತೂ ಒಳಗಿನ ತಾಮ್ರ ಕರಗಿ ಅಪಾಯಕಾರಿಯೂ ಆಗಬಹುದು.

ಹೀಗಿರುವಲ್ಲಿ ಕೊಳ್ಳುವವನಿಗೆ ತಯಾರಿಕೆಯ ತಿಂಗಳು ತಿಳಿಯಲೇಬೇಕೆಂಬುದು ನಮ್ಮ ಅಭಿಪ್ರಾಯ. ಪೊಟ್ಟಣದ ಸರಕಿನ ಮೇಲೆ ತಿಂಗಳು-ವರ್ಷಗಳನ್ನು ಅಚ್ಚು ಹಾಕಬೇಕೆಂದು 2011ರ ನಮ್ಮ ಕಾನೂನುಬದ್ಧ ಮಾಪನ ನಿಯಮಗಳು ವಿಧಿಸುತ್ತವೆ. ಆದರೆ ಪೊಟ್ಟಣ ಹರಿದ ಮೇಲೆ ಉಳಿಯುವುದು ಕೋಶ. ಅದರ ಮೇಲೆ ಇರುವುದು ಅನೇಕ ವೇಳೆ ತಯಾರಕನಿಗೆ ಮಾತ್ರ ಅರ್ಥವಾಗುವ ಗುಪ್ತಾಕ್ಷರ. ಐರೋಪ್ಯ ಒಕ್ಕೂಟವು 2023ರ ಬ್ಯಾಟರಿ ಶಾಸನದಲ್ಲಿ ತಯಾರಿಕೆಯ ತಿಂಗಳು-ವರ್ಷಗಳನ್ನು ಬ್ಯಾಟರಿಯ ಗುರುತುಪಟ್ಟಿಯ ಅಂಗವಾಗಿಸಿದೆ. ನಮ್ಮಲ್ಲಿಯೂ ಬ್ಯಾಟರಿಯ ಮೈಮೇಲೆಯೇ ಓದಬಲ್ಲ ತಾರೀಖು ಇರಲಿ. ಸೀಸದ ಬ್ಯಾಟರಿಗಾದರೆ ಕಡೆಯ ಮರುಭರ್ತಿಯ ದಿನವನ್ನೂ ಅಂಗಡಿಯವರು ಬರೆಯಲಿ.

ತಾರೀಖು ಕಂಡರೆ ಗಿರಾಕಿಗಳು ಒಳ್ಳೆಯ ಮಾಲನ್ನೂ ಬಿಟ್ಟುಹೋಗುತ್ತಾರೆಂದು ವ್ಯಾಪಾರಿಗಳು ಹೇಳುವುದುಂಟು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದಕ್ಕೆ ಪರಿಹಾರ ತಾರೀಖನ್ನು ಮರೆಸುವುದಲ್ಲ, ಅದನ್ನು ಓದುವ ಜ್ಞಾನವನ್ನು ಹರಡುವುದು. ಖಾತರಿಯ ಚೀಟಿ ಇದೆಯಲ್ಲ ಎಂದೂ ಕೆಲವರು ಸಮಾಧಾನ ಹೇಳುತ್ತಾರೆ. ಖಾತರಿಯು ಹಾಳಾದ ಬ್ಯಾಟರಿಯನ್ನು ಬದಲಿಸಿಕೊಟ್ಟೀತು. ಕತ್ತಲಿನ ಬದುವಿನ ಮೇಲೆ ಬೆಳಕು ಕೊಡಲಾರದು.

ವಿದ್ಯಾರ್ಥಿ ಮಿತ್ರರು ಇದನ್ನು ಸ್ವತಃ ಪರೀಕ್ಷಿಸಬಹುದು. 2000 ಮಿಲಿಆಂಪಿಯರ್-ಗಂಟೆಯ, 1.2 ವೋಲ್ಟಿನ ಒಂದು ಹೈಡ್ರೈಡ್ ಕೋಶವನ್ನು ಪೂರ್ತಿ ತುಂಬಿ, 6 ಓಮಿನ, ಅರ್ಧ ವ್ಯಾಟಿನ ರೋಧಕಕ್ಕೆ ಜೋಡಿಸಿರಿ. ಓಮನ ನಿಯಮದಂತೆ ಸುಮಾರು 200 ಮಿಲಿಆಂಪಿಯರ್ ಹರಿಯುತ್ತದೆ. ವೋಲ್ಟೇಜು 1.0ಕ್ಕೆ ಇಳಿಯಲು ಹತ್ತಿರ ಹತ್ತಿರ 10 ಗಂಟೆ ಹಿಡಿದರೆ ಕೋಶ ನುಡಿದಂತೆ ನಡೆದಿದೆ; 6 ಗಂಟೆಯಲ್ಲಿಯೇ ಇಳಿದರೆ ಕೊಡ ಕಿರಿದಾಗಿದೆ. 12 ವೋಲ್ಟಿನ ಸೀಸದ ಬ್ಯಾಟರಿಯನ್ನು ಕೊಳ್ಳುವಾಗಲಾದರೋ ಮಲ್ಟಿಮೀಟರನ್ನು ಜೊತೆಗೆ ಒಯ್ಯಿರಿ. ಸುಮ್ಮನಿದ್ದ ಬ್ಯಾಟರಿ 12.6ಕ್ಕಿಂತ ಹೆಚ್ಚು ತೋರಿದರೆ ಸರಿ, 12.4ಕ್ಕಿಂತ ಕಡಿಮೆಯಾದರೆ ಬೇರೆಯದನ್ನು ಕೇಳಿರಿ.

ಕೇಳುವವರು ಹೆಚ್ಚಿದಂತೆ ಹೇಳುವವರೂ ಹೆಚ್ಚುತ್ತಾರೆ. ಬೀಜದ ಚೀಲದ ತಾರೀಖನ್ನು ಓದಲು ಕಲಿತ ನಮ್ಮ ಜನ ಬ್ಯಾಟರಿಯ ತಾರೀಖನ್ನು ಓದಲಾರರೆ?