ಯಾರ ಹೊಲಕ್ಕೆ ಮಳೆ?

ದೇವರಲ್ಲಿ ಬೇಡುವುದು ಸುಲಭ. ಏನನ್ನು ಬೇಡಬೇಕೆಂದು ನಿಶ್ಚಯಿಸುವುದು ಕಷ್ಟ. ಕ್ರೈಸ್ತನಿಗಂತೂ ಈ ಕಷ್ಟ ಇಮ್ಮಡಿಯಾದುದು. ತನ್ನವರಿಗಾಗಿ ಮಾತ್ರವಲ್ಲ, ಪರರಿಗಾಗಿಯೂ ಬೇಡುವುದು ಅವನಿಗೆ ವಿಧಿಸಿದ ಧರ್ಮ. ಪರರೆಂದರೆ ಯಾರು, ಅವರಿಗೆ ಬೇಕಾದುದೇನು ಎಂಬುದನ್ನು ಅರಿಯದೆ ಮೊಣಕಾಲೂರಿದರೆ ಪ್ರಾರ್ಥನೆ ಬಾಯಿಪಾಠವಾಗಿ ಮುಗಿಯುತ್ತದೆ.

ಈ ಪ್ರಶ್ನೆಯ ಬಿಗಿಯನ್ನು ತಿಳಿಯಬೇಕಾದರೆ ಕೊಪ್ಪಳದ ಸೀಮೆಯನ್ನು ನೋಡಬೇಕು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಅದರಲ್ಲಿದ್ದುವು ನಾಲ್ಕೇ ತಾಲ್ಲೂಕುಗಳು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಅಲ್ಲಿ ಭತ್ತ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗಕ್ಕೆ ಮುಗಿಲೇ ಗತಿ. ಅಲ್ಲಿ ಜೋಳ, ಸಜ್ಜೆ, ಕಡಲೆ. ಕಾರ್ತಿಕ ಮುಗಿಯುವ ಹೊತ್ತಿಗೆ ಮೋಡ ಕವಿಯಿತೆಂದರೆ, ಯಲಬುರ್ಗಾದ ಎರೆಹೊಲದ ರೈತ ಹಿಂಗಾರಿ ಜೋಳಕ್ಕೆ ಒಂದು ಹದಮಳೆಯಾಗಲೆಂದು ಕೈಮುಗಿಯುತ್ತಾನೆ. ಅದೇ ಮೋಡವನ್ನು ಕಂಡ ಗಂಗಾವತಿಯ ರೈತ, ಕೊಯ್ದು ಹಾಕಿದ ಭತ್ತ ನೆನೆಯದಿರಲೆಂದು ಕೈಮುಗಿಯುತ್ತಾನೆ. ತವರು ಯಲಬುರ್ಗಾದಲ್ಲಿದ್ದು ಗಂಗಾವತಿಗೆ ಸೊಸೆಯಾಗಿ ಬಂದ ಕ್ರೈಸ್ತ ಹೆಣ್ಣುಮಗಳು ಭಾನುವಾರದ ಆರಾಧನೆಯಲ್ಲಿ ಯಾವ ಪಕ್ಷವನ್ನು ಹಿಡಿಯಬೇಕು?

ಸಜ್ಜನ ದುರ್ಜನರೆನ್ನದೆ ಇಬ್ಬರ ಮೇಲೂ ತಂದೆ ಮಳೆ ಸುರಿಸುತ್ತಾನೆಂದು ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದನು. ಮಳೆ ಭಕ್ತಿಗೆ ಕೊಡುವ ಬಹುಮಾನವಲ್ಲ. ಶಿಷ್ಯರಿಗೆ ಅವನು ಕಲಿಸಿದ ಪ್ರಾರ್ಥನೆಯಲ್ಲಿ ಅನ್ನದ ಬೇಡಿಕೆಯುಂಟು; ಆದರೆ ಅದು ಒಬ್ಬನ ಅನ್ನವಲ್ಲ, ಎಲ್ಲರ ಅನ್ನ. ಆ ‘ಎಲ್ಲರ’ಲ್ಲಿ ಗಂಗಾವತಿಯ ಕಣವೂ ಸೇರಿತು, ಯಲಬುರ್ಗಾದ ಹೊಲವೂ ಸೇರಿತು. ಗೆತ್ಸೆಮನೆಯ ತೋಟದಲ್ಲಿ ಅವನು ತನ್ನ ಮನಸ್ಸಿನ ಆಸೆಯನ್ನು ಮುಚ್ಚಿಡದೆ ಹೇಳಿಕೊಂಡು, ತೀರ್ಮಾನವನ್ನು ತಂದೆಗೆ ಬಿಟ್ಟನು. ಕೊರತೆಯನ್ನು ಬಿಚ್ಚಿ ಹೇಳಬಹುದು; ಅದನ್ನು ಹೀಗೆಯೇ ನೀಗಬೇಕೆಂದು ದೇವರಿಗೆ ಕಟ್ಟು ಹಾಕಬಾರದು ಎಂಬುದು ಇದರ ಸಾರ.

ಆದುದರಿಂದ ಆ ಸೊಸೆ, ಎರಡು ಮನೆಯ ಒಲೆಗಳೂ ಉರಿಯಲಿ, ಎರಡು ಮನೆಗಳಿಗೂ ಸಾಲದ ಉರುಳು ಬೀಳದಿರಲಿ ಎಂದು ಬೇಡಬಹುದು. ಇದು ಜಾಣತನದ ನುಣುಚಿಕೆಯಲ್ಲ. ಅತ್ತೆಮನೆಯ ಭತ್ತ ನೆನೆದು ತವರಿನ ಜೋಳ ತೆನೆಗಟ್ಟಿದರೆ, ತವರಿನ ಎರಡು ಚೀಲ ಗಂಗಾವತಿಯ ದಾರಿ ಹಿಡಿಯಬೇಕಾದೀತು. ಬೇಡಿದ ಕೈಗೆ ಕೊಡುವ ಹೊಣೆಯೂ ಉಂಟು.

ಇನ್ನು ಯಾರಿಗಾಗಿ ಎಂಬ ಪ್ರಶ್ನೆ. ಸಕಲ ಜನರಿಗಾಗಿ, ಆಳುವವರಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಉಪದೇಶ. ಅಂದು ಆಳುತ್ತಿದ್ದವರು ಕ್ರೈಸ್ತರಲ್ಲದ ರೋಮನ್ನರು. ತಾನು ಮತ ಕೊಡದ ಪಂಚಾಯಿತಿ ಸದಸ್ಯನನ್ನು ಇಂದಿನ ಭಕ್ತನು ಪಟ್ಟಿಯಿಂದ ಹೊಡೆದುಹಾಕುವಂತಿಲ್ಲ. ಬದುವಿನ ವ್ಯಾಜ್ಯ ಹೂಡಿದ ನೆರೆಯವನ ಹೆಸರೂ ಅಲ್ಲಿರಬೇಕು. ಅವನು ಸೋಲಲೆಂದಲ್ಲ, ಅವನಿಗೆ ಒಳ್ಳೆಯದಾಗಲೆಂದು. ಸತ್ತವರ ವಿಷಯದಲ್ಲಿ ಸಭೆಗಳಿಗೆ ಭೇದವುಂಟು: ಕಥೋಲಿಕರು ನವೆಂಬರ್ 2ರಂದು ಮೃತರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತಾರೆ, ಪ್ರಾಟೆಸ್ಟಂಟರಲ್ಲಿ ಹಲವರು ಅವರನ್ನು ದೇವರ ಕೈಗೆ ಒಪ್ಪಿಸಿ ಸುಮ್ಮನಾಗುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಸಾಮಾನ್ಯರ ಪ್ರಾರ್ಥನೆಯನ್ನು ಪೂಜೆಯಲ್ಲಿ ಮತ್ತೆ ನೆಲೆಗೊಳಿಸಿದಾಗ ಧರ್ಮಸಭೆ, ಆಳುವವರು, ಸಂಕಟದಲ್ಲಿರುವವರು, ಸಮಸ್ತ ಲೋಕ ಎಂದು ಹೆಸರಿಸಿತು. ಸ್ವಂತ ಮನೆಯ ಮಾತು ಆ ಎಣಿಕೆಯಲ್ಲಿ ಮೊದಲು ಬರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ಬೆಳೆಗೆ ನೀರು ಉಳಿಯಲೆಂಬ ಬೇಡಿಕೆ ಕಾಲುವೆಯ ರೈತನಿಗೆ ಸಹಜವಾದುದು. ಆದರೆ ಆ ವಾರ ಪಟ್ಟಿಯಲ್ಲಿ ಇರಬೇಕಾದವರು ಇನ್ನೂ ಇದ್ದರು: ಪ್ರವಾಹಕ್ಕೆ ಅಂಜಿ ಕುಳಿತ ಕೆಳದಂಡೆಯವರು, ಭೋರ್ಗರೆಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆ ಇಳಿಸುತ್ತಿದ್ದ ಕೆಲಸಗಾರರು. ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿತು. ಉಳಿದ ನೀರನ್ನು ನೆನೆದವರಲ್ಲಿ ಎಷ್ಟು ಮಂದಿ ಆ ಕೈಗಳನ್ನು ನೆನೆದರೋ!

ಭಾನುವಾರ ದೇವಾಲಯಕ್ಕೆ ಹೋಗುವವರು ಶನಿವಾರ ನೆರೆಮನೆಗೆ ಒಮ್ಮೆ ಹೋಗಿಬರುವುದು ಲೇಸು. ಅವರಿಗೆ ಬೇಕಾದುದೇನೆಂದು ಅವರನ್ನೇ ಕೇಳಿ ತಿಳಿದ ಮೇಲೆ, ದೇವರನ್ನು ಏನು ಕೇಳಬೇಕೆಂಬ ಗೊಂದಲ ಅರ್ಧಕ್ಕರ್ಧ ಕಡಿಮೆಯಾದೀತು.